ಸಮಕ್ಕಿಂತ ಮುಂಚೆ

ಹೆಣ್ಣುಮಕ್ಕಳ ಸಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಇಂದು ಎಂಬ ಹುಡುಗಿ ಸಿತಾರ ನಿಲ್ಲಿಸಿಬಿಟ್ಟದ್ದು ಮೂರನೆಯ ತೋಡಾದಲ್ಲಿ. ಮೊದಲಿನ ಎರಡು ಸಲ ತಬಲಾ ಬಾರಿಸುತ್ತಿದ್ದ ಕಮರುದ್ದೀನ ಅವಳನ್ನು ಕಾಪಾಡಿದ್ದ. ತೋಡಾ ಎಂದರೆ ವೇಗದ ಸ್ವರಗಳ ಒಂದು ಸಾಲು. ಅದು ಹದಿನಾರು ಮಾತ್ರೆಗಳ ತಾಳದಲ್ಲಿ ಓಡಿ, ಸುತ್ತಿ, ಸರಿಯಾಗಿ ಮೊದಲ ಮಾತ್ರೆಗೆ, ಅಂದರೆ ಸಮಕ್ಕೆ, ಬಂದು ಇಳಿಯಬೇಕು. ಇಂದುವಿನ ಸಾಲು ಸಮಕ್ಕಿಂತ ಅರ್ಧ ಮಾತ್ರೆ ಮುಂಚೆಯೇ ಇಳಿದಿತ್ತು. ಕಮರುದ್ದೀನ ತನ್ನ ತಬಲಾದ ಬೋಲನ್ನು ನಡುವೆಯೇ ಕತ್ತರಿಸಿ ಅವಳ ಜೊತೆ ಸೇರಿಕೊಂಡ. ಎರಡನೆಯ ಸಲವೂ ಹಾಗೆಯೇ ಮಾಡಿದ. ಮೂರನೆಯ ಸಲ ಅವನಿಂದಲೂ ಆಗಲಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ಸಮ ಹಾಕಿದರು, ಇಂದುವಿನ ಕೈ ನಿಂತುಹೋಯಿತು. ಮುಂದಿನ ಕುರ್ಚಿಗಳಲ್ಲಿ ಕೂತವರು ವಾದನ ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವಳಿಗೆ ಆ ಚಪ್ಪಾಳೆಯೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಅದು ೧೯೩೪ನೆಯ ಇಸವಿ. ಇಂದುವಿಗೆ ಹದಿನೇಳು ವರ್ಷ. ತಂದೆ ಏಕನಾಥರಾಯರು ಧಾರವಾಡದ ಕಚೇರಿಯೊಂದರಲ್ಲಿ ಶಿರಸ್ತೇದಾರರು. ಮಾಳಮಡ್ಡಿಯಲ್ಲಿ ಅವರ ಹಂಚಿನ ಮನೆ. ಮಗಳಿಗೆ ಆರು ವರ್ಷಗಳಿಂದ ಸಿತಾರ ಕಲಿಸುತ್ತಿದ್ದವರು ರಮಾಕಾಂತಬುವಾ. ವಾರಕ್ಕೆ ಎರಡು ದಿನ ಬರುತ್ತಿದ್ದರು. ಪಡಸಾಲೆಯ ಜಮಖಾನೆಯ ಮೇಲೆ ಕೂತು, ತಾವು ಒಂದು ಸಲ ಬಾರಿಸಿ ತೋರಿಸಿ, ಆಮೇಲೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತ ಕೇಳುತ್ತಿದ್ದರು. ತಪ್ಪಿದರೆ ‘ಇನ್ನೊಮ್ಮೆ’ ಎನ್ನುತ್ತಿದ್ದರು. ಸರಿಯಾದರೂ ‘ಇನ್ನೊಮ್ಮೆ’ ಎನ್ನುತ್ತಿದ್ದರು. ಅವರು ಸಿಡುಕಿನವರಲ್ಲ, ಕಡಿಮೆ ಮಾತಿನವರು. ಅವರಿಗೂ ಅವರ ಗುರುಗಳು ಹೀಗೆಯೇ ಕಲಿಸಿದ್ದರು.

ಆದ್ದರಿಂದ ಇಂದು ದಿನಾಲೂ ಬೆಳಿಗ್ಗೆ ನೂರು ಹುಣಸೆಬೀಜಗಳನ್ನು ಒಂದು ಬಟ್ಟಲಲ್ಲಿ ಹಾಕಿಕೊಂಡು ಕೂಡುತ್ತಿದ್ದಳು. ತೋಡಾ ಒಮ್ಮೆ ಬಾರಿಸಿದರೆ ಒಂದು ಬೀಜ ಇನ್ನೊಂದು ಬಟ್ಟಲಿಗೆ ಹೋಗುತ್ತಿತ್ತು. ಮೊದಲನೆಯ ಬಟ್ಟಲು ಖಾಲಿಯಾದಾಗ ಅಭ್ಯಾಸ ಮುಗಿಯಿತು. ಇಷ್ಟು ಮಾಡಿಯೂ ಗ್ಯಾದರಿಂಗಿನಲ್ಲಿ ಹೀಗಾಯಿತೆಂದರೆ ತಪ್ಪು ಎಲ್ಲಿರಬೇಕು? ಅವಳು ಎರಡು ದಿನ ಯೋಚಿಸಿ ತಂದೆಗೆ ಹೇಳಿದಳು.

“ಅಪ್ಪಾ, ಸಿತಾರನ ಸರಿ ಇಲ್ಲ.”

ಏಕನಾಥರಾಯರು ಆ ಸಿತಾರವನ್ನು ಮಿರಜದಿಂದ ತಂದದ್ದು, ಯಾರೋ ಬಾರಿಸಿ ಬಿಟ್ಟದ್ದನ್ನು. ಅವರಿಗೂ ಇದು ನಿಜವೆನ್ನಿಸಿತು. ಮುಂದಿನ ಶನಿವಾರ ಅರ್ಧ ದಿನದ ರಜೆ ಹಾಕಿ, ಸಿತಾರಕ್ಕೆ ಹಳೆಯ ದುಪ್ಪಟಿ ಸುತ್ತಿ, ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯ ಗಾಡಿ ಹತ್ತಿದರು. ಅಮರಗೋಳ ದಾಟುವವರೆಗೂ ಇಂದು ಸಿತಾರವನ್ನು ಮಡಿಲಲ್ಲೇ ಇಟ್ಟುಕೊಂಡು, ಕಿಟಕಿಯಾಚೆಯ ಎರೆಹೊಲಗಳನ್ನು ನೋಡುತ್ತ ಕೂತಿದ್ದಳು. ವಾದ್ಯ ರಿಪೇರಿಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಅವಳಿಗಿತ್ತು.

ವಾದ್ಯ ರಿಪೇರಿ ಮಾಡುವ ಅಹಮದಸಾಬನ ಅಂಗಡಿ ದುರ್ಗದಬೈಲಿನ ಹಿಂದಿನ ಓಣಿಯಲ್ಲಿತ್ತು. ಗೋಡೆಗೆಲ್ಲ ತಂಬೂರಿಗಳು, ನೆಲದ ಮೇಲೆ ಒಣಗಲು ಇಟ್ಟ ಸೋರೆಬುರುಡೆಗಳು, ಅರಗಿನ ವಾಸನೆ. ಅಹಮದಸಾಬ ಐವತ್ತೈದರ ಆಸುಪಾಸಿನವನು. ಸಿತಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ತಂತಿ ಮೀಟಿದ. ತಂತಿಗಳು ಹಾಯ್ದು ಹೋಗುವ ಎಲುಬಿನ ಘೋಡಿಯನ್ನು ಬೆಳಕಿಗೆ ಓರೆ ಮಾಡಿ ನೋಡಿದ. ಆಮೇಲೆ ಇಂದುವಿನ ಕಡೆ ತಿರುಗಿದ.

“ಏನ ಮಾಡತೈತಿ ಇದು, ತಂಗಿ?”

“ಛಲೋ ಕೇಳಂಗಿಲ್ಲರಿ. ತೋಡಾ ಬಾರಸೋ ಮುಂದ ಸಾಥ್ ಕೊಡಂಗಿಲ್ಲ.”

“ಯಾವ ತಂತಿ?”

ಇಂದು ತಂತಿಗಳನ್ನೇ ನೋಡಿದಳು.

“ಯಾವ ಪರದೆ ಮ್ಯಾಲ?” ಎಂದು ಅವನು ದಂಡಿಯ ಮೇಲಿನ ಹಿತ್ತಾಳೆಯ ಕಂಬಿಗಳ ಮೇಲೆ ಬೆರಳು ಓಡಿಸಿದ. “ನಿಧಾನಕ್ಕ ಬಾರಿಸಿದಾಗೂ ಹಂಗ ಆಗತೈತೋ, ಜೋರಾಗಿ ಬಾರಿಸಿದಾಗ ಅಷ್ಟೋ? ಕೈ ಮ್ಯಾಲ ಹೋಗುವಾಗೋ, ತಿರುಗಿ ಬರುವಾಗೋ?”

ಇಂದು ತಂದೆಯ ಕಡೆ ತಿರುಗಿದಳು. ಏಕನಾಥರಾಯರು ನಡುವೆ ಬಾಯಿ ಹಾಕಿದರು. “ಅಹಮದಸಾಬರ, ನೀವು ಬಲ್ಲವರು. ನೀವೇ ನೋಡಿ ಸರಿ ಮಾಡಿಕೊಡ್ರಿ.”

ಅಹಮದಸಾಬ ಪಕ್ಕದಲ್ಲಿದ್ದ, ಘೋಡಿ ಉಜ್ಜುವ ಕಾನಸವನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟ. “ರಾಯರ, ಇದು ಎಲುಬು. ಇದರ ಮ್ಯಾಲ ಒಂದು ಸಲ ಕಾನಸ ಎಳದೆ ಅಂದ್ರ ಹೋದದ್ದು ಹೋತು, ತಿರುಗಿ ಹಚ್ಚಾಕ ಬರಂಗಿಲ್ಲ. ಹತ್ತು ವರ್ಷದ ಹಿಂದ ಒಬ್ಬರು ಬಂದಿದ್ದರು. ನಾದ ಸರಿ ಇಲ್ಲ ಅಂದರು, ನಾನೂ ಎಳದೆ. ಮತ್ತ ಬಂದು ಇನ್ನೂ ಸರಿ ಇಲ್ಲ ಅಂದರು, ಮತ್ತ ಎಳದೆ. ಭಾರೀ ಛಲೋ ಘೋಡಿ ಇತ್ತು, ಕೆಟ್ಟು ಹೋತು. ಆಮ್ಯಾಲ ನೋಡಿದರ ಅವರು ಮೀಟಾಕ ಬೆರಳಿಗೆ ಹಾಕೋ ನಖಿ ಸಡ್ಲ ಇತ್ತು. ಅವತ್ತಿಂದ ನಾನು ಕೇಳದ ಕೈ ಹಚ್ಚಂಗಿಲ್ಲ.” ದುಪ್ಪಟಿಯನ್ನು ತಾನೇ ಸುತ್ತಿ ಸಿತಾರವನ್ನು ಇಂದುವಿನ ಕೈಗೆ ಕೊಟ್ಟ. “ಹದಿನೈದು ದಿನ ಬಿಟ್ಟು ಬಾ, ತಂಗಿ. ಎಲ್ಲಿ, ಯಾವಾಗ, ಅನ್ನೋದು ನೋಡಿಕೊಂಡು ಬಾ. ನನಕಿಂತ ನಿನ್ನ ಕಿವಿ ಅದಕ್ಕ ಸಮೀಪ ಐತಿ.”

ತಿರುಗಿ ಬರುವಾಗ ಏಕನಾಥರಾಯರು ರಜೆ ವ್ಯರ್ಥವಾಯಿತೆಂದು ಗೊಣಗಿದರು. ಇಂದುವಿಗೆ ಅವಮಾನವಾಗಿತ್ತು. ಆರು ವರ್ಷ ತೊಡೆಯ ಮೇಲೆ ಇಟ್ಟುಕೊಂಡ ವಾದ್ಯದ ಬಗ್ಗೆ ನಾಲ್ಕು ಸಾದಾ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲವಲ್ಲ ಎಂದು.

ಮರುದಿನ ಅವಳು ಹುಣಸೆಬೀಜಗಳನ್ನು ತೆಗೆದುಕೊಳ್ಳಲಿಲ್ಲ. ಸಾಲೆಯ ಹಳೆಯ ನೋಟುಬುಕ್ಕಿನಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ತೆರೆದಿಟ್ಟುಕೊಂಡು, ಗ್ಯಾದರಿಂಗಿನಲ್ಲಿ ನಿಂತುಹೋದ ಆ ಮೂರನೆಯ ತೋಡಾ ಒಮ್ಮೆ ಬಾರಿಸಿದಳು. ಬರೆಯಲು ಹೋದರೆ ಏನೂ ತೋಚಲಿಲ್ಲ. ಈಗ ತಾನೇ ಬಾರಿಸಿದ್ದು ಹೇಗೆ ಕೇಳಿಸಿತು ಎಂಬುದೇ ನೆನಪಿರಲಿಲ್ಲ. ಮತ್ತೆ ಬಾರಿಸಿದಳು, ಮತ್ತೆ ಹಾಗೆಯೇ. ಮೂರು ದಿನ ಹೀಗೆ ಹೋದ ಮೇಲೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ಸಿತಾರ ಬಾರಿಸುವಾಗ ಅವಳು ಕೇಳುತ್ತಿದ್ದದ್ದು ಬುವಾ ಬಾರಿಸಿದ್ದನ್ನು. ಅದು ಅವಳ ತಲೆಯಲ್ಲಿ ಅಚ್ಚಾಗಿ ಕೂತಿತ್ತು. ತನ್ನ ಕೈಯಿಂದ ಬರುತ್ತಿದ್ದದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಆಮೇಲೆ ಒಂದು ಉಪಾಯ ಮಾಡಿದಳು. ಬಾರಿಸುವ ಮೊದಲು, ಎಲ್ಲಿ ಕೆಡಬಹುದು ಎಂದು ಬರೆದಿಡುವುದು. ಬಾರಿಸಿದ ಕೂಡಲೇ, ಎಲ್ಲಿ ಕೆಟ್ಟಿತು ಎಂದು ಬರೆಯುವುದು. ಮೊದಮೊದಲು ಎರಡೂ ತಾಳೆಯಾಗುತ್ತಿರಲಿಲ್ಲ. ಇಲ್ಲಿ ಕೆಡುತ್ತದೆ ಎಂದು ಹೆದರಿದ ಜಾಗ ಚೆನ್ನಾಗಿಯೇ ಬರುತ್ತಿತ್ತು, ನೆನೆಸದ ಕಡೆ ಕೆಡುತ್ತಿತ್ತು. ದಿನಕ್ಕೆ ನೂರು ಸಲ ಬಾರಿಸುತ್ತಿದ್ದವಳು ಈಗ ಹನ್ನೆರಡು ಸಲಕ್ಕೇ ದಣಿಯುತ್ತಿದ್ದಳು. ಬೆರಳಲ್ಲ, ತಲೆ ದಣಿಯುತ್ತಿತ್ತು.

ಒಂದು ದಿನ ಒಳಗೆ ತಾಯಿ ಕಾಶೀಬಾಯಿ ಒರಳಿನಲ್ಲಿ ಶೇಂಗಾಚಟ್ನಿ ಕುಟ್ಟುತ್ತಿದ್ದರು. ಕುಟ್ಟುವ ಹಾರೆಯ ಸದ್ದು ಒಂದೇ ಸಮನೆ ಬೀಳುತ್ತಿತ್ತು. ಇಂದು ಆ ಸದ್ದಿಗೆ ಹೊಂದಿಸಿ ತೋಡಾ ಬಾರಿಸಿದಳು. ಸಮಕ್ಕೆ ಬಂದಾಗ ಹಾರೆ ಇನ್ನೂ ಮೇಲೆಯೇ ಇತ್ತು.

“ಅವ್ವಾ, ಸ್ವಲ್ಪ ಹಂಗ ಕುಟಗೋತ ಇರು.”

“ಚಟ್ನಿ ಆತಲ್ಲವಾ, ಇನ್ನೇನು ಕುಟ್ಟಲಿ?”

“ಬರೇ ಒರಳು ಕುಟ್ಟು. ಲಗೂ ಮಾಡಬ್ಯಾಡ, ಹಿಂದ ಮುಂದ ಆಗೋದು ಬ್ಯಾಡ.”

ಕಾಶೀಬಾಯಿಗೆ ಇದು ಹುಚ್ಚಾಟವಾಗಿ ಕಂಡಿತು. ಆದರೂ ಕುಟ್ಟಿದರು. ಏಳೆಂಟು ಸಲ ಬಾರಿಸಿದ ಮೇಲೆ ಇಂದುವಿಗೆ ಜಾಗ ಸಿಕ್ಕಿತು. ತೋಡಾದ ಕೊನೆಯ ತಿರುವಿನಲ್ಲಿ ಕೈ ಮೇಲೇರುವ ನಾಲ್ಕು ಸ್ವರಗಳಿದ್ದವು: ಮ, ಪ, ನಿ, ಸ. ಅಲ್ಲಿಯವರೆಗೆ ಅವಳು ಹಾರೆಯ ಜೊತೆಗೇ ಇರುತ್ತಿದ್ದಳು. ಆ ನಾಲ್ಕರಲ್ಲಿ ಓಡಿಬಿಡುತ್ತಿದ್ದಳು. ಪ್ರತಿ ಸಲವೂ ಅಲ್ಲೇ, ಅಷ್ಟೇ.

ಹದಿನೈದು ದಿನವಾದ ಮೇಲೆ ಹುಬ್ಬಳ್ಳಿಗೆ ಹೋದಾಗ ಅಹಮದಸಾಬನಿಗೆ ನೋಟುಬುಕ್ಕು ನೋಡಿಕೊಂಡು ಹೇಳಿದಳು. “ಚಾಚಾ, ಏಳನೇ ಪರದೆ ಮ್ಯಾಲ, ಸ್ವರ ಬಾರಸೋ ಬಾಜಿನ ತಂತಿ ಗರಗರ ಅಂತದ, ನಿಧಾನಕ್ಕ ಬಾರಿಸಿದರೂ ಅಂತದ.” ಅವನು ಪರದೆಯನ್ನು ಅಲುಗಾಡಿಸಿ ನೋಡಿದ. ಕಟ್ಟಿದ ದಾರ ಸವೆದಿತ್ತು. ಎರಡು ನಿಮಿಷದಲ್ಲಿ ಹೊಸ ದಾರ ಬಿಗಿದ.

“ಮತ್ತ?”

“ಮತ್ತ ತೋಡಾದ ಕೊನೀಗೆ ಓಡತದ. ಆದರ ಅದು ಸಿತಾರದಾಗ ಇಲ್ಲ ಅನಸ್ತದ.”

“ಎದರಾಗ ಐತಿ?”

“ನನ್ನ ಕೈಯಾಗ.”

“ಯಾಕ ಅಲ್ಲೇ ಓಡತೈತಿ?”

“ಅದು ಗೊತ್ತಾಗವಲ್ದು.”

ಅಹಮದಸಾಬ ತಲೆಯಾಡಿಸಿದ. “ಅದು ನನ್ನ ಅಂಗಡಿ ಕೆಲಸ ಅಲ್ಲ, ತಂಗಿ. ಆದರ ಅರ್ಧಾ ಹಾದಿ ಬಂದೀದಿ.”

ಆ ವಾರ ಬುವಾ ಪಾಠಕ್ಕೆ ಬಂದಾಗ ಇಂದು ಅದೇ ತೋಡಾವನ್ನು ತೋರಿಸಿಕೊಡಲು ಕೇಳಿದಳು. ಬುವಾ ಬಾರಿಸಿದರು. ಹೊಸದಾಗಿ ಕಿವಿ ಬಂದವಳಂತೆ ಅವಳು ಕೇಳಿದಳು. ಮ ಪ ನಿ ಸ ಬಂತು. ಬುವಾ ಓಡಿದರು.

ತನ್ನ ಕಿವಿಯೇ ತಪ್ಪಿತೆಂದುಕೊಂಡು ಮತ್ತೊಮ್ಮೆ ಬಾರಿಸಲು ಬೇಡಿದಳು. ಬುವಾ ಮತ್ತೆ ಓಡಿದರು. ಆದರೆ ಅವರು ಸಮಕ್ಕಿಂತ ಮುಂಚೆ ತಲುಪಿ, ಕೊನೆಯ ಸ್ವರವನ್ನು ಎಳೆದು ಹಿಡಿದು, ತಾಳ ಬರುವವರೆಗೆ ಕಾಯ್ದು, ಅದರ ಜೊತೆ ಇಳಿಯುತ್ತಿದ್ದರು. ಮೂವತ್ತು ವರ್ಷದ ಕೈ ಅದು, ಮುಚ್ಚಿಕೊಳ್ಳುವುದು ಅದಕ್ಕೆ ಗೊತ್ತಿತ್ತು. ಇಂದುವಿನ ಕೈಗೆ ಗೊತ್ತಿರಲಿಲ್ಲ. ಅವರು ಹೋದ ಮೇಲೆ ಅವಳು ನೋಟುಬುಕ್ಕಿನಲ್ಲಿ ಬರೆದಳು: ‘ಬುವಾ ಅವರೂ ಅಲ್ಲಿಯೇ ಓಡುತ್ತಾರೆ. ಎರಡು ಸಲ ಕೇಳಿದೆ.’

ಮುಂದಿನ ಪಾಠದ ದಿನ ಇಂದು ಒಳಗಿಂದ ಚಹಾ ತರಲು ಎದ್ದು ಹೋದಾಗ ನೋಟುಬುಕ್ಕು ಜಮಖಾನೆಯ ಮೇಲೆ ತೆರೆದೇ ಇತ್ತು. ಅವಳು ತಿರುಗಿ ಬಂದಾಗ ಬುವಾ ಅದನ್ನು ಕೈಯಲ್ಲಿ ಹಿಡಿದಿದ್ದರು. ಅವರು ಸಿಟ್ಟು ಮಾಡಲಿಲ್ಲ. ಪುಸ್ತಕವನ್ನು ಮುಚ್ಚಿ ಇಟ್ಟರು. ತಲೆಗೆ ರುಮಾಲು ಸುತ್ತಿಕೊಂಡು, ಚಹಾ ಕುಡಿಯದೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆ ವಾರ ಮತ್ತೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಮೂರನೆಯ ವಾರ ಏಕನಾಥರಾಯರಿಗೆ ವಿಷಯ ತಿಳಿಯಿತು. ಅವರು ಬಹಳ ನೊಂದುಕೊಂಡರು. “ಗುರುಗಳ ತಪ್ಪು ಬರದಿಡೋದು ಯಾರು ಕಲಿಸಿದರು ನಿನಗ? ನಡಿ, ಈಗ ಹೋಗಿ ಕಾಲಿಗೆ ಬೀಳು.”

“ಬೀಳತೀನಿ, ಅಪ್ಪಾ. ಆದರ ಬರದದ್ದು ಸುಳ್ಳಲ್ಲ.”

“ಖರೇ ಇದ್ದರೂ ಬರೀಬಾರದು.”

ಬುವಾ ಇರುತ್ತಿದ್ದದ್ದು ಲಕಮನಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಕೋಣೆಯಲ್ಲಿ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಂದೆ ಮಗಳು ಹೋದಾಗ ಬಾಗಿಲು ತೆರೆದೇ ಇತ್ತು. ಬುವಾ ಸಿತಾರ ಹಿಡಿದು ಕೂತಿದ್ದರು. ಮುಖ ಇಳಿದಿತ್ತು. ಇಂದು ಕಾಲು ಮುಟ್ಟಿ ನಮಸ್ಕರಿಸಿ, ತಪ್ಪಾಯಿತು ಎಂದಳು. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಇಪ್ಪತ್ತು ದಿನದಿಂದ ಬಾರಿಸಿ ಬಾರಿಸಿ ನೋಡಲಿಕತ್ತೀನಿ,” ಎಂದರು. “ನನಗ ಕೇಳಸ್ತಾನ ಇಲ್ಲ. ಸರಿ ಅದ ಅಂತನ ಅನಸ್ತದ. ಕೂಡು. ತಾಳಾ ಹಾಕು.”

“ನಾನೇನ್ರಿ?”

“ನೀನ. ಓಡಿದರ ಅಲ್ಲೇ ನಿಲ್ಲಸು.”

ಇಂದು ತಂದೆಯ ಮುಖ ನೋಡಿದಳು. ಏಕನಾಥರಾಯರು ಬೇರೆ ಕಡೆ ನೋಡುತ್ತಿದ್ದರು. ಅವಳು ತೊಡೆಯ ಮೇಲೆ ತಾಳ ಹಾಕತೊಡಗಿದಳು. ಬುವಾ ಬಾರಿಸಿದರು. ಮ ಪ ನಿ ಸ ಬಂತು, ಹೋಯಿತು. ಅವಳಿಗೆ ನಿಲ್ಲಿಸುವ ಧೈರ್ಯವಾಗಲಿಲ್ಲ. ಬುವಾ ತಾವೇ ನಿಲ್ಲಿಸಿ ಕೇಳಿದರು.

“ಓಡಿದೆ ಇಲ್ಲೋ?”

“ಓಡಿದಿರಿ.”

“ಎಲ್ಲೆ ಸುರು ಆತು?”

“ಮ ಸ್ವರದ ಮ್ಯಾಲೆ. ಬಲಗಡೆ ಭುಜ ಸ್ವಲ್ಪ ಮ್ಯಾಲೆ ಎದ್ದಿತು. ಆಮ್ಯಾಲೆ ಓಡಿತು.”

ಬುವಾ ಮತ್ತೆ ಮ ತನಕ ಬಂದು, ಕೈಯನ್ನು ತಂತಿಯ ಮೇಲೆಯೇ ಇಟ್ಟು, ತಮ್ಮ ಭುಜವನ್ನು ನೋಡಿಕೊಂಡರು. ನಿಜವಾಗಿಯೂ ಅದು ಮೇಲೆದ್ದಿತ್ತು. ಆಮೇಲೆ ಸಿತಾರವನ್ನು ಕೆಳಗಿಟ್ಟು ಹೇಳತೊಡಗಿದರು.

“ಆವಾಗ ನನಗ ಇಪ್ಪತ್ತೆಂಟು ವರ್ಷ. ಒಬ್ಬ ಜಹಗೀರದಾರರ ಮನ್ಯಾಗ ಮದವಿ. ದೊಡ್ಡ ದೊಡ್ಡ ಮಂದಿ ಬಂದಿದ್ದರು. ಇದ ಭೀಮಪಲಾಸ ರಾಗ, ಇದ ತೋಡಾ. ತಬಲಾದವರು ಭಾಳ ತಯಾರಿ ಇದ್ದವರು, ಒಂದೂವರಿ ಪಟ್ಟಿನ ಆಡಾ ಲಯ ಹಾಕಿದರು. ನನಗ ಲೆಕ್ಕ ತಪ್ಪಿತು. ಸಮ ಹೋದ ಮ್ಯಾಲೆ ನಾ ಬಂದೆ, ಒಂದು ಮಾತ್ರೆ ತಡಾ ಆಗಿ. ಯಾರೂ ಬೈಯಲಿಲ್ಲ. ಮುಂದ ಕೂತ ಒಬ್ಬ ಉಸ್ತಾದರು ಎಲಿ ಉಗಳಲಿಕ್ಕೆ ಎದ್ದು ಹೋದರು, ತಿರುಗಿ ಬಂದು ಕೂಡಲಿಲ್ಲ. ಅಷ್ಟ ಆದದ್ದು.” ಅವರು ಬಲಭುಜ ಮುಟ್ಟಿಕೊಂಡರು. “ಅವತ್ತಿಂದ ತಡಾ ಮಾತ್ರ ಆಗಬಾರದು ಅಂತ ಮನಸ್ಸಿಗೆ ಬಂತು. ಮುಂಚೆ ಹೋಗಿ ಕಾಯೋದು ಛಲೋ ಅನಿಸ್ತು. ಹಂಗ ಮಾಡಕೋತ ಹೋದೆ. ಆಮ್ಯಾಲೆ ಮಾಡತೀನಿ ಅನ್ನೋದ ಮರತೆ. ಈಗ ಯಾರರೆ ಕೇಳಿದರ ಆ ತೋಡಾ ಇರೋದ ಹಂಗ ಅಂತಿದ್ದೆ.”

ಇಂದು ತಲೆ ತಗ್ಗಿಸಿ ಕೂತಿದ್ದಳು.

“ಆರು ವರ್ಷ ನಿನಗ ಭೀಮಪಲಾಸ ಕಲಿಸಿದೆ ಅಂತ ತಿಳಕೊಂಡಿದ್ದೆ,” ಎಂದರು ಬುವಾ. “ನನ್ನ ಅಂಜಿಕಿನೂ ಕಲಿಸೀನಿ. ನೀ ಅದನ್ನೂ ಪಾಠ ಅಂತ ಕಲತೀದಿ.”

ಏಕನಾಥರಾಯರು ಮುಂದೆ ಬಾಗಿದರು. “ಹಂಗನಬ್ಯಾಡ್ರಿ ಬುವಾ,” ಎಂದಷ್ಟೇ ಅಂದರು.

“ಅಂದರ ಏನಾತ್ರಿ, ರಾಯರ? ಗೊತ್ತಿಲ್ಲದ ಇತ್ತು, ಗೊತ್ತಾತು.” ಇಂದುವಿನ ಕಡೆ ತಿರುಗಿ ಕೇಳಿದರು, “ಆ ಪುಸ್ತಕ ತಂದೀಯೇನು?”

ತಂದಿರಲಿಲ್ಲ. ಮುಂದಿನ ಪಾಠಕ್ಕೆ ತೆಗೆದಿಡು ಎಂದರು.

ಆ ಮಳೆಗಾಲವೆಲ್ಲ ಪಡಸಾಲೆಯಲ್ಲಿ ಬೇರೆಯೇ ಥರದ ಪಾಠ ನಡೆಯಿತು. ಬುವಾ ‘ಇನ್ನೊಮ್ಮೆ’ ಎನ್ನುವುದನ್ನು ಪೂರ್ತಿ ಬಿಡಲಿಲ್ಲ. ಆದರೆ ಅದಕ್ಕೆ ಮೊದಲು ‘ಏನು ಕೇಳಿಸ್ತು?’ ಎಂದು ಕೇಳತೊಡಗಿದರು. ಉತ್ತರ ಬರುವವರೆಗೂ ಮುಂದಿನ ಸಲ ಬಾರಿಸಗೊಡುತ್ತಿರಲಿಲ್ಲ. ಉತ್ತರ ಅವರಿಗೆ ಕೇಳಿಸಿದ್ದಕ್ಕಿಂತ ಬೇರೆಯಿದ್ದರೆ ಇಬ್ಬರೂ ವಾದಿಸುತ್ತಿದ್ದರು. ಒಮ್ಮೊಮ್ಮೆ ಕಾಶೀಬಾಯಿಯನ್ನು ಕರೆದು, ಯಾರದು ಸರಿ ಎಂದು ಕೇಳಿದ್ದೂ ಉಂಟು. ಕಾಶೀಬಾಯಿಗೆ ಸ್ವರ ತಿಳಿಯುತ್ತಿರಲಿಲ್ಲ. ಆದರೆ ಓಡಿದ್ದು ಮಾತ್ರ ತಪ್ಪದೆ ತಿಳಿಯುತ್ತಿತ್ತು.

ಭುಜ ಏಳುವುದಕ್ಕೂ ಮುಂಚೆ ಉಸಿರು ನಿಲ್ಲುತ್ತದೆ ಎಂದು ಇಂದು ಕಂಡುಹಿಡಿದಳು. ಉಸಿರು ನಿಲ್ಲುವುದಕ್ಕೂ ಮುಂಚೆ, ‘ಬಂತು’ ಎಂದು ಮನಸ್ಸು ಅನ್ನುತ್ತದೆ. ಆ ‘ಬಂತು’ ಎಂಬುದನ್ನು ಹಿಡಿದರೆ ಉಳಿದದ್ದು ತಾನಾಗಿಯೇ ಸಡಿಲಾಗುತ್ತಿತ್ತು. ಆದರೆ ಅದನ್ನು ಹಿಡಿಯುವುದು ದಿನಾಲೂ ಆಗುತ್ತಿರಲಿಲ್ಲ. ಕೆಲವು ದಿನ ಹತ್ತರಲ್ಲಿ ಎಂಟು ಸಲ ಸಿಗುತ್ತಿತ್ತು, ಕೆಲವು ದಿನ ಒಮ್ಮೆಯೂ ಇಲ್ಲ. ಶ್ರಾವಣದ ಹೊತ್ತಿಗೆ ಅವಳ ಕೈ ಸಾಕಷ್ಟು ನೆಲೆಗೆ ಬಂತು. ಬುವಾ ಅವರದು ಬರಲಿಲ್ಲ. ಹತ್ತರಲ್ಲಿ ಎರಡು ಸಲ, ಹೆಚ್ಚೆಂದರೆ ಮೂರು ಸಲ ಅವರು ಓಡದೆ ಇಳಿಯುತ್ತಿದ್ದರು.

“ನಿಂದು ಇನ್ನೂ ರೂಢಿ ಅದ, ಬಿಟ್ಟು ಹೋಗತದ,” ಎಂದರು ಒಂದು ದಿನ. “ನಂದು ಎಲುಬಿಗೆ ಹತ್ತೇದ.” ಅದನ್ನು ಅವರು ದುಃಖದಿಂದ ಹೇಳಲಿಲ್ಲ. ಓಡದೆ ಇಳಿದ ಆ ಎರಡು ಸಲ ಅವರ ಮುಖದಲ್ಲಿ ಹುಡುಗರ ಮುಖದಂಥ ಬೆರಗು ಇರುತ್ತಿತ್ತು. ಇಂದು ಅದನ್ನು ನೋಡಿದ್ದಳು.

ಗಣೇಶಚವತಿಯ ಮೂರನೆಯ ದಿನ ಮಾಳಮಡ್ಡಿಯ ಒಬ್ಬ ವಕೀಲರ ಮನೆಯಲ್ಲಿ ಮಧ್ಯಾಹ್ನ ವಾದನವಿತ್ತು. ಬುವಾ ತಮ್ಮ ಬದಲು ಇಂದುವನ್ನು ಕೂಡಿಸಿದರು. ತಬಲಾಕ್ಕೆ ಕಮರುದ್ದೀನನೇ ಬಂದ. ಗ್ಯಾದರಿಂಗಿನ ನೆನಪು ಇಬ್ಬರಿಗೂ ಇತ್ತು. ಅವನು ತಬಲಾ ಶ್ರುತಿ ಮಾಡುತ್ತ, “ಇಂದೂತಾಯಿ, ಇವತ್ತ ನಾ ಹಿಂದ ಇರಲೋ, ಮುಂದ ಇರಲೋ?” ಎಂದು ಮೆಲ್ಲಗೆ ಕೇಳಿದ.

“ನಿಮ್ಮ ಜಾಗಾದಾಗ ನೀವು ಇರ್ರಿ, ನಾ ಬರತೀನಿ,” ಎಂದಳು.

ಭೀಮಪಲಾಸದ ಗತ್ತು, ಅಂದರೆ ತಾಳಕ್ಕೆ ಕಟ್ಟಿದ ರಚನೆಯನ್ನು, ಹಿಡಿದಳು. ಮೊದಲ ತೋಡಾ ತಾನಾಗಿ ಬಂತು, ತಾನಾಗಿ ಇಳಿಯಿತು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಕೈ ಮೇಲಕ್ಕೆ ಹೊರಟಾಗ ಒಳಗೆ ಯಾರೋ ‘ಬಂತು’ ಎಂದರು. ಉಸಿರು ನಿಂತಿತು. ಅವಳು ಅದನ್ನು ಕಂಡಳು. ಉಸಿರು ಬಿಟ್ಟಳು. ಮ, ಪ, ನಿ, ಸ. ಒಂದೊಂದೂ ತನ್ನ ಹೊತ್ತಿಗೆ ಬಂತು. ಆ ನಾಲ್ಕು ಸ್ವರಗಳ ನಡುವೆ ಇಷ್ಟೊಂದು ಜಾಗವಿತ್ತೆಂದು ಅವಳಿಗೆ ಮೊದಲ ಸಲ ತಿಳಿಯಿತು. ಆಮೇಲೆ ಸಾಲು ಇಳಿದು ಸಮ ಬಂತು. ಕಮರುದ್ದೀನ ತಲೆಯೆತ್ತಿ ಅವಳನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಠೇಕಾ ಮುಂದುವರಿಸಿದ. ಕೂತವರಿಗೆ ಇದೆಲ್ಲ ತಿಳಿಯಲಿಲ್ಲ. ಏಕನಾಥರಾಯರು ವಕೀಲರ ಪಕ್ಕದಲ್ಲಿ ಕೂತು, ಎಲ್ಲ ಸುಸೂತ್ರವಾಗಿ ಮುಗಿದರೆ ಸಾಕು ಎನ್ನುವಂತೆ ಅಂಗೈ ಒರೆಸಿಕೊಳ್ಳುತ್ತಿದ್ದರು.

ಕೋಸಂಬರಿ ತಿಂದು ಮನೆಗೆ ಹೊರಟಾಗ ಇನ್ನೂ ಬಿಸಿಲಿತ್ತು. ಏಕನಾಥರಾಯರು ಯಾರೊಂದಿಗೋ ಮಾತಾಡುತ್ತ ಹಿಂದೆ ಉಳಿದರು. ಬುವಾ ಮತ್ತು ಇಂದು ಮುಂದೆ ನಡೆದರು.

“ಜೋಡಿನ ತಂತಿ ಶ್ರುತಿ ಇಳದಿತ್ತು,” ಎಂದರು ಬುವಾ.

“ಹೌದ್ರಿ. ಗೊತ್ತಾಗಿತ್ತು.”

“ಎಲ್ಲಿಂದ?”

“ಎರಡನೇ ತೋಡಾ ಮುಗದ ಮ್ಯಾಲೆ.”

“ಮತ್ತ ಯಾಕ ಏರಸಲಿಲ್ಲ?”

“ಏರಸಬೇಕಂದ್ರ ಗತ್ತು ಬಿಡಬೇಕಾಗಿತ್ತು. ಅದಕಿಂತ ಆ ತಂತಿ ಮುಟ್ಟದ ಬಾರಿಸೋದು ಛಲೋ ಅನಿಸ್ತು. ಆಮ್ಯಾಲೆ ಒಮ್ಮೆ ತಪ್ಪಿ ತಾಗಿತು, ಅಷ್ಟ.”

ಬುವಾ ಹತ್ತು ಹೆಜ್ಜೆ ನಡೆದರು.

“ನನಗ ನಾಲ್ಕನೇ ತೋಡಾದಾಗ ಗೊತ್ತಾತು,” ಎಂದರು.